ಹದಿನಾಲ್ಕನೆಯ ಚಿತ್ರಕ್ಕೆ ರುಜು

ಐದು ವರ್ಷಕ್ಕೊಮ್ಮೆ ಮನೆಗೆ ಬಣ್ಣ ಹೊಡೆಸುತ್ತೇನೆ. ಮೊದಲು ಗೋಡೆ, ಆಮೇಲೆ ಬಾಗಿಲು ಕಿಟಕಿ, ಕೊನೆಗೆ ಗ್ರಿಲ್. ಈ ಕ್ರಮ ತಪ್ಪಿದರೆ ಕೆಲಸ ಎರಡಾಗುತ್ತದೆ. ಮೊನ್ನೆ ಸೋಮವಾರ ಎಂಟು ಗಂಟೆಗೆ ಬರಬೇಕಿದ್ದ ಪೇಂಟರ್ ಎಂಟೂವರೆಗೆ ಬಂದ. ಬಂದವನೇ ಪಡಸಾಲೆಯ ಗೋಡೆಯಲ್ಲಿದ್ದ ನನ್ನ ತಂದೆಯವರ ಪಟ ಇಳಿಸಿದ, ಧೂಳು ಒರೆಸಿದ, ಒಮ್ಮೆ ಪಟವನ್ನು ನೋಡಿ ಒಮ್ಮೆ ನನ್ನನ್ನು ನೋಡಿದ.

“ಅಪ್ಪಾರ ಕಣ್ಣು ನಿಮಗ ಬಂದಾವ ನೋಡ್ರಿ ಸರ. ಥೇಟ್ ಥೇಟ್.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದ. ಆ ವಾಸನೆ ಬಂದದ್ದೇ ತಡ, ಎರಡು ವರ್ಷದ ಹಿಂದಿನ ಚಳಿಗಾಲ ಎದುರಿಗೆ ಬಂದು ನಿಂತಿತು. ಕಾರ್ತಿಕದಿಂದ ಶಿವರಾತ್ರಿಯ ಹತ್ತಿರದವರೆಗಿನ ಆ ನಾಲ್ಕು ತಿಂಗಳನ್ನು ನಾನು ಒಬ್ಬ ಮನುಷ್ಯನ ಮೇಲೆ ಹೊಟ್ಟೆಕಿಚ್ಚುಪಟ್ಟು ಕಳೆದೆ. ಅದಕ್ಕೆ ಬೇರೆ ಯಾವ ಹೆಸರಿಟ್ಟರೂ ಸುಳ್ಳಾಗುತ್ತದೆ.

ನಾನು ಚಿತ್ರಕಲಾ ಶಿಕ್ಷಕನಾಗಿದ್ದವನು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊನೆಗೆ ನನ್ನ ಊರೇ ಆದ ಕೊಟ್ಟೂರು. ಐದಕ್ಕೆ ಏಳುವುದು, ಸ್ನಾನ, ಪೂಜೆ, ಆರರಿಂದ ಏಳರವರೆಗೆ ಚಿತ್ರ. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಇದು ನಡೆದಿದೆ. ಮಕ್ಕಳ ಮದುವೆಯ ದಿನವೂ ನಿಲ್ಲಿಸಿಲ್ಲ. ರಜೆಯಲ್ಲಿ ಗುಡೇಕೋಟೆಯ ಕಡೆ ಹೋಗಿ ಬಂಡೆಗುಡ್ಡಗಳ ಎದುರು ಕೂತು ಬರೆಯುತ್ತಿದ್ದೆ. ಕಣ್ಣೆದುರು ಇಲ್ಲದ್ದನ್ನು ಬರೆಯಕೂಡದು ಎಂಬುದು ಚಿತ್ರಕಲಾ ಶಾಲೆಯಲ್ಲಿ ನಮ್ಮ ಗುರುಗಳು ಹಾಕಿಕೊಟ್ಟ ಕಟ್ಟು. ಫೋಟೊ ನೋಡಿ ಬರೆದ ಹುಡುಗರಿಗೆ ನಾನು ಸೊನ್ನೆ ಹಾಕಿದ್ದೇನೆ. ನನ್ನ ಗುಡ್ಡಗಳು ಆರು ಟ್ರಂಕುಗಳಲ್ಲಿ ವರ್ಷವಾರು ಜೋಡಿಸಿಟ್ಟಿವೆ. ಅವನ್ನು ನೋಡಿದವರು ಕಡಿಮೆ.

ನನ್ನ ಹೊಟ್ಟೆಕಿಚ್ಚಿಗೆ ಗುರಿಯಾದ ಮಾಬುಸಾಬನದು ಇದಕ್ಕೆ ಪೂರಾ ವಿರುದ್ಧ. ಅವನ ತಂದೆ ದರ್ಜಿ. ನಮ್ಮ ತಂದೆಯ ಜವಳಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಅವರ ಹೊಲಿಗೆ ಯಂತ್ರ. ಮಾಬು ನನ್ನ ವಾರಿಗೆಯವನು. ಓದು ಬಿಟ್ಟು ಅದೇ ಕಟ್ಟೆಯ ಮೇಲೆ ಗುಂಡಿ ಹಚ್ಚುತ್ತ ಬೆಳೆದ, ಆಮೇಲೆ ಫೋಟೊ ಸ್ಟುಡಿಯೋ ಸೇರಿ ಟಚಿಂಗ್ ಕಲಿತ. ಕೂದಲಿನಷ್ಟು ಸಣ್ಣ ಬ್ರಷ್ಷಿನಿಂದ ಫೋಟೊದಲ್ಲಿನ ಮಚ್ಚೆ ಅಳಿಸುವುದು, ಹುಬ್ಬು ತೀಡುವುದು, ಪಿಳುಕಿಸಿದ ಕಣ್ಣು ತೆರೆಸುವುದು. ಮೊಬೈಲ್ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಗಿರಾಕಿಗಳು ತೆಗೆಸಿಕೊಂಡು ಒಯ್ಯದೇ ಬಿಟ್ಟ ಫೋಟೊಗಳ ಪೆಟ್ಟಿಗೆಯೊಂದನ್ನು ಮಾಬು ಮನೆಗೆ ಹೊತ್ತುಕೊಂಡು ಹೋದ. ಅರವತ್ತು ದಾಟಿದ ಮೇಲೆ ಅವುಗಳನ್ನೇ ಆಳೆತ್ತರದ ಕ್ಯಾನ್ವಾಸಿನ ಮೇಲೆ ಬರೆಯತೊಡಗಿದ. ಫೋಟೊದಲ್ಲಿನ ಮನುಷ್ಯರನ್ನಷ್ಟೇ ಅಲ್ಲ. ನೀರು ಬಿದ್ದ ಹಳದಿ ಕಲೆ, ಗೆದ್ದಲು ತಿಂದ ಮೂಲೆ, ಪಿನ್ನಿನ ತುಕ್ಕು, ಎಲ್ಲವನ್ನೂ. ಜೀವಮಾನವೆಲ್ಲ ಕಲೆ ಅಳಿಸಿದವನು ಈಗ ಕಲೆಗಳನ್ನು ಕೂತು ಬರೆಯುತ್ತಿದ್ದ.

ಇದನ್ನು ವಿನುತಾ ನೋಡಿದಳು. ಹರಪನಹಳ್ಳಿಯ ವ್ಯಾಪಾರಸ್ಥರ ಮನೆಯ ಹುಡುಗಿ, ಚಿತ್ರಕಲೆ ಓದಿ ಬಂದವಳು. ಅಜ್ಜನ ಹತ್ತಿ ಗೋದಾಮಿಗೆ ಸುಣ್ಣ ಹೊಡೆಸಿ ಗ್ಯಾಲರಿ ಮಾಡಿದ್ದಳು. ಮಾಬುವಿನ ಹದಿನಾಲ್ಕು ಚಿತ್ರಗಳನ್ನು ಹತ್ತು ದಿನ ಪ್ರದರ್ಶನಕ್ಕಿಡುವುದೆಂದು ಗೊತ್ತುಮಾಡಿದಳು. ಸುದ್ದಿ ಕೇಳಿದ ಮಾರನೆಯ ದಿನವೇ ನಾನು ಒಂದು ಟ್ರಂಕು ಗುಡ್ಡಗಳನ್ನು ಬಸ್ಸಿಗೆ ಹಾಕಿಕೊಂಡು ಹರಪನಹಳ್ಳಿಗೆ ಹೋದೆ. ಅವಳು ಒಂದೊಂದನ್ನೇ ಎತ್ತಿ ನೋಡಿದಳು. ಗಡಿಯಾರ ನೋಡಿಕೊಂಡೆ: ಅರವತ್ತು ಚಿತ್ರಗಳಿಗೆ ಏಳು ನಿಮಿಷ.

“ತುಂಬಾ ಕ್ಲೀನಾಗಿದಾವೆ ಸರ್,” ಎಂದಳು. “ಮುಂದೆ ಯಾವಾಗಾದ್ರೂ ನೋಡಾಣ.” ಹಾಗೆಯೇ, ಟೇಬಲ್ಲಿನ ಮೇಲೆ ನಾನು ಬರೆದಿಟ್ಟಿದ್ದ ಪಟ್ಟಿಯ ಅಕ್ಷರ ನೋಡಿ ಕಣ್ಣರಳಿಸಿದಳು. “ಸರ್, ನಿಮ್ಮ ಅಕ್ಷರ ಎಷ್ಟು ಚೆನ್ನಾಗೈತೆ! ನಮಗೊಂದು ಸಹಾಯ ಮಾಡ್ತೀರಾ?”

ಸಹಾಯ ಇಷ್ಟು. ಚಿತ್ರದಲ್ಲಿರುವವರು ಯಾರೆಂದು ಹುಡುಕಬೇಕು, ಅವರದೋ ಮನೆಯವರದೋ ಒಪ್ಪಿಗೆ ಪಡೆಯಬೇಕು. ಹೆಸರು, ಊರು, ಸಂಬಂಧ, ರುಜು ಎಂದು ನಾಲ್ಕು ಕಾಲಮ್ಮಿನ ಫಾರಂ. ರುಜು ಇಲ್ಲದ ಚಿತ್ರ ಗೋಡೆ ಹತ್ತಬಾರದು. ಈ ತಾಲ್ಲೂಕುಗಳನ್ನೆಲ್ಲ ಬಲ್ಲವನು, ಅಕ್ಷರ ಚೆನ್ನಾಗಿರುವವನು ನಾನು. ಒಲ್ಲೆ ಎನ್ನಬೇಕಿತ್ತು, ಆದರೆ ಒಲ್ಲೆ ಎಂದರೆ ಹೊಟ್ಟೆಕಿಚ್ಚು ಎಂದು ಗೊತ್ತಾಗುತ್ತದಲ್ಲ ಎಂದು ಒಪ್ಪಿಕೊಂಡೆ.

ಮೊದಲ ದಿನ ಮಾಬು ಮನೆಯ ಚಾಪೆಯ ಮೇಲೆ ಫೋಟೊಗಳನ್ನು ಒಂದೊಂದಾಗಿ ಇಟ್ಟ. ಹದಿಮೂರನ್ನು ನೋಡಿ ಊರು, ಮನೆತನ ಅಂದಾಜು ಹೇಳಿದೆ. ಹದಿನಾಲ್ಕನೆಯದನ್ನು ಇಟ್ಟು ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಹಣೆತುಂಬ ವಿಭೂತಿ, ಕೊರಳಿಗೆ ಹಾರ, ತಲೆಗೆ ರುಮಾಲು, ಗೋಡೆಗೆ ಒರಗಿಸಿ ಕೂರಿಸಿದ ಐವತ್ತರ ಆಸುಪಾಸಿನ ಗಂಡಸು. ನೆಟ್ಟಗೆ ನಮ್ಮನ್ನೇ ನೋಡುವ ಎರಡು ಕಣ್ಣು.

ನನ್ನ ತಂದೆ.

“ಇವರು ಯಾರಂತ?” ಮಾಬು ಕೇಳಿದ.

“ಪರಿಚಯ ಇಲ್ಲ,” ಎಂದೆ.

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಫೋಟೊವನ್ನು ಕವರಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡ. “ಸಿಗ್ತಾರ ಬಿಡ್ರಿ ಮೇಷ್ಟ್ರೆ. ಹುಡುಕೂಣು.”

ಅವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಹೇಗಿರುತ್ತದೆ? ಆ ಕಣ್ಣು ಬರೆದವನೇ ಅವನು.

ನಮ್ಮಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಪೂಜೆ ಮಾಡುತ್ತಾರೆ. ಜೀವವಿದ್ದಾಗ ಫೋಟೊ ತೆಗೆಸದವರಿಗೆ ಆಗ ಸ್ಟುಡಿಯೋದವರನ್ನು ಕರೆಸುತ್ತಿದ್ದರು. ಆ ಫೋಟೊವನ್ನು ಟಚಿಂಗ್‌ಗೆ ಕೊಟ್ಟು, ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು. ತಂದೆ ತೀರಿಕೊಂಡಾಗ ನನಗೆ ಇಪ್ಪತ್ತೆರಡು, ದೂರದ ಊರಿನ ಚಿತ್ರಕಲಾ ಶಾಲೆಯಲ್ಲಿದ್ದೆ. ತಂತಿ ತಲುಪಿ ನಾನು ಬಸ್ಸಿಳಿಯುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮೂರನೆಯ ದಿನ ಸ್ಟುಡಿಯೋಕ್ಕೆ ಹೋದೆ. ಮಾಬು ಆಗಲೇ ಕಣ್ಣು ತೆರೆಸಿ ಇಟ್ಟಿದ್ದ. ಎಡಗಣ್ಣಿನ ರೆಪ್ಪೆ ಒಂದು ಎಳೆಯಷ್ಟು ಇಳಿದಿತ್ತು.

“ಲೇ ಮಾಬು, ನಮ್ಮಪ್ಪನ್ನ ಮೆಳ್ಳಗಣ್ಣಿನವನ್ನ ಮಾಡಿ ಇಟ್ಟಿಯಲ್ಲೋ!” ಎಂದು ಫೋಟೊವನ್ನು ದುಡ್ಡಿನ ಗಲ್ಲೆಯ ಮೇಲೆ ಒಗೆದೆ. ಟಚಿಂಗ್ ಮಾಡದ ಇನ್ನೊಂದು ಪ್ರತಿ ತೆಗೆದುಕೊಂಡು ಮನೆಗೆ ಬಂದೆ. ನಾನೇ ಬರೆಯುತ್ತೇನೆಂದು ಹಟ. ಮುಖ, ರುಮಾಲು, ಮೀಸೆ ಎಲ್ಲ ಫೋಟೊದಂತೆ ಬಂತು. ಕಣ್ಣಿಗೆ ಬಂದು ನಿಂತೆ. ಎದುರಿಗಿಲ್ಲದ್ದನ್ನು ಬರೆಯಕೂಡದು. ತಂದೆಯ ಕಣ್ಣು ಎಲ್ಲಿಂದ ತರಲಿ? ಅವರ ಕಣ್ಣೇ ನನಗೆ ಬಂದಿವೆ ಎಂದು ಅಂದುಕೊಂಡು, ಗೋಡೆಗೆ ಕನ್ನಡಿ ಕಟ್ಟಿ, ಅದನ್ನು ನೋಡಿ ಬರೆದೆ. ಪಟ ನೋಡಿದವರೆಲ್ಲ ಕೊಂಡಾಡಿದರು. ಮಾಬು ತೆರೆಸಿದ ಕಣ್ಣು ಯಾರೂ ಒಯ್ಯದ ಫೋಟೊಗಳ ಪೆಟ್ಟಿಗೆ ಸೇರಿತು.

ಈಗ ಅದು ನಾಲ್ಕಡಿಗೆ ಐದಡಿಯ ಚಿತ್ರವಾಗಿ ನಿಂತಿತ್ತು, ಹದಿನಾಲ್ಕರಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿದೆ ಎಂಬುದು ಓರೆಗಣ್ಣಿನಿಂದ ನೋಡಿದರೂ ಗೊತ್ತಾಗುತ್ತಿತ್ತು. ನಾನು ಹೌದೆಂದು ರುಜು ಹಾಕಿದರೆ ಅದು ಗೋಡೆ ಹತ್ತುತ್ತದೆ, ಜನ ಹೊಗಳುತ್ತಾರೆ. ಹಾಕದಿದ್ದರೆ ಇಲ್ಲ. ನನ್ನ ಕೈಯಲ್ಲಿ ಇದ್ದದ್ದು ಅದೊಂದೇ.

ಹಾಗೆ ತಿರುಗಾಟ ಶುರುವಾಯಿತು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆಯ ಏಳೂ ಹತ್ತರ ಬಸ್ಸು. ನಾನು ಏಳಕ್ಕೆ ನಿಲ್ದಾಣದಲ್ಲಿ. ಮಾಬು ಬಸ್ಸು ಹೊರಟ ಮೇಲೆ ಓಡಿಬಂದು ಹತ್ತುವವನು. ಚಳಿ ಒಳ್ಳೆಯದಿತ್ತು ಆ ವರ್ಷ. ಕೂಡ್ಲಿಗಿ ದಾರಿಯಲ್ಲಿ ರೈತರು ತೊಗರಿ ಕಿತ್ತು ರಸ್ತೆಗೇ ಹರವಿದ್ದರು; ಬಸ್ಸು ಅದರ ಮೇಲೆ ಹಾಯುವಾಗ ಚಟಚಟ ಸದ್ದು. ಹೊಸಹಳ್ಳಿಯಲ್ಲಿ ಇಳಿದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದೆವು. ಮಾಬು ಎಣ್ಣೆ ಹತ್ತಿದ ಕಾಗದದಲ್ಲಿ ಯಾವುದಾದರೂ ಫೋಟೊ ಇದೆಯೇ ಎಂದು ತಿರುಗಿಸಿ ನೋಡಿ ಮಡಚಿಟ್ಟುಕೊಳ್ಳುತ್ತಿದ್ದ. ಅದನ್ನು ನೋಡಿದರೂ ನನಗೆ ಉರಿಯುತ್ತಿತ್ತು. ನಾನು ನಲವತ್ತು ವರ್ಷ ಗುಡ್ಡದ ಎದುರು ಬಿಸಿಲಲ್ಲಿ ಕೂತವನು. ಇವನಿಗೆ ಚಿತ್ರ ಮೆಣಸಿನಕಾಯಿಯ ಕಾಗದದಲ್ಲಿ ಸಿಗುತ್ತದೆ.

ಗುಡೇಕೋಟೆಯಲ್ಲಿ ಹನುಮಕ್ಕ ಎಂಬ ಮುದುಕಿ, ಕುರಿ ಕಾಯುವ ಮನೆತನ. ಫೋಟೊದಲ್ಲಿ ಅವಳು ಮತ್ತು ಗಂಡ, ಮದುವೆಯಾದ ಹೊಸದು. ಸ್ಟುಡಿಯೋದಲ್ಲಿ ಒಂದೇ ಒಂದು ಕೋಟು ಇತ್ತು. ಬಂದ ಗಂಡಸರಿಗೆಲ್ಲ ಅದನ್ನೇ ತೊಡಿಸುತ್ತಿದ್ದರು. ಹನುಮಕ್ಕ ಫೋಟೊವನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

“ಇಕಿ ನಾನs. ಇವ ಯಾರು?”

“ನಿನ್ನ ಗಂಡ ಅಲ್ಲೇನಮ್ಮ?” ಎಂದೆ.

“ನನ್ನ ಗಂಡಗ ಕೋಟೆಲ್ಲಿಂದ ಬರಬೇಕು? ಅವಗ ಇದ್ದದ್ದು ಒಂದು ಕಂಬಳಿ.”

ಮಾಬು ನಕ್ಕ. “ಕೋಟು ನಮ್ದಬೇ. ಒಳಗ ಇರೋನು ನಿನ್ನ ಗಂಡ.”

“ಹಂಗಾರ ಕೋಟು ಬಿಚ್ಚಿ ತೋರ್ಸು, ಹೆಬ್ಬಟ್ಟು ಒತ್ತತೀನಿ.”

ಮಾಬು ಅಲ್ಲೇ ಕೂತು, ನನ್ನ ಫಾರಮ್ಮಿನ ಹಿಂದೆ, ನನ್ನದೇ ಪೆನ್ಸಿಲಿನಿಂದ ಅದೇ ಮುಖ ಬರೆದು ಹೆಗಲಿಗೆ ಕಂಬಳಿ ಹೊದಿಸಿದ. ಎರಡು ನಿಮಿಷವೂ ಹಿಡಿಯಲಿಲ್ಲ. ಮುದುಕಿ ಸೆರಗು ಬಾಯಿಗಿಟ್ಟುಕೊಂಡಳು. ಹೆಬ್ಬಟ್ಟು ಒತ್ತಿದ್ದು ಆ ಕಂಬಳಿಯ ಪಕ್ಕಕ್ಕೇ. ನಾನು ಆ ಗುಡ್ಡಗಳನ್ನು ಅದೆಷ್ಟು ಸಲ ಬರೆದಿದ್ದೇನೋ, ಅದೇ ಊರಿನ ಒಬ್ಬ ಮನುಷ್ಯ ನನ್ನ ಚಿತ್ರಕ್ಕೆ ಕಣ್ಣೊದ್ದೆ ಮಾಡಿಕೊಂಡದ್ದಿಲ್ಲ.

ಹೊರಡುವಾಗ ಮಾಬು ಜೇಬಿನಿಂದ ಆ ಕವರು ತೆಗೆದ. “ಯವ್ವಾ, ಇವರನ್ನ ಎಲ್ಲಾರ ಕಂಡಿಯೇನು?” ಅವಳು ಇಲ್ಲವೆಂದಳು. ಆಮೇಲೆ ಪ್ರತಿ ಊರಿನಲ್ಲೂ ಅದೇ. ಕೆಲಸ ಮುಗಿದ ಮೇಲೆ, ನಾನು ಫಾರಂ ಮಡಚುವಾಗ, ಕವರು ಹೊರಬರುತ್ತಿತ್ತು. ಕೇಳುವುದು ಅವರನ್ನು; ನೋಡುವುದು ನನ್ನನ್ನು. ನಾನು ಗಡಿಯಾರ ನೋಡಿ “ಬಸ್ಸಿಗೆ ಹೊತ್ತಾಯಿತು” ಎನ್ನುತ್ತಿದ್ದೆ.

ತೆಲಿಗಿಯಲ್ಲಿ ಒಬ್ಬ ಕಿರಾಣಿ ಅಂಗಡಿಯವನು, ಅಣ್ಣನ ಫೋಟೊಕ್ಕೆ ಒಪ್ಪಿಗೆ ಕೊಡಬೇಕಾದವನು, ನನ್ನನ್ನು ಕಂಡು ಎದ್ದುನಿಂತ. “ನೀವು ಬದನಿಕಾಯಿ ಮೇಷ್ಟ್ರಲ್ಲೇನ್ರಿ? ಮೂರು ವರ್ಷ ಬರೇ ಬದನಿಕಾಯಿ ಬರೆಸಿದ್ರಲ್ರಿ!”

“ನೆರಳು ಬೆಳಕು ಕಲಿಯಲಿಕ್ಕೆ ಬದನೆಕಾಯಿಯಷ್ಟು ಒಳ್ಳೆಯದು ಇನ್ನೊಂದಿಲ್ಲ,” ಎಂದೆ.

“ಈಗೇನು ಬರಿತೀರಿ ಸರ?”

ಬಾಯಿ ತುಂಬ ಮಂಡಕ್ಕಿಯಿದ್ದ ಮಾಬು ನನಗಿಂತ ಮೊದಲೇ ಹೇಳಿದ. “ಫಾರಂ ಬರಿತಾರ.”

ಅವನು ಕೆಟ್ಟದ್ದಕ್ಕೆ ಹೇಳಿರಲಿಲ್ಲ. ಅದು ನಿಜವೂ ಆಗಿತ್ತು. ಆ ಶುಕ್ರವಾರ ಮನೆಗೆ ಬಂದವನು ಊಟ ಮಾಡಲಿಲ್ಲ. ಅಂಗಡಿಯವನು ಕವರಿನ ಫೋಟೊ ನೋಡಿ ಇನ್ನೊಂದು ಮಾತು ಅಂದಿದ್ದ: “ಗೊತ್ತಿಲ್ರಿ. ಆದ್ರ ಮೂಗು ಮಾತ್ರ ನಮ್ಮ ಸರ್‌ದಂಗs ಐತಿ.” ಮಾಬು ಕವರು ಮುಚ್ಚಿದ್ದ.

ಮಾರನೆಯ ದಿನ ಆರು ಗಂಟೆಗೆ ಗುಡ್ಡ ಬರೆಯಲಿಲ್ಲ. ಕದ್ದು, ಬಾಗಿಲು ಹಾಕಿಕೊಂಡು, ನನ್ನ ನಿವೃತ್ತಿ ಸಮಾರಂಭದ ಹಳೆಯ ಫೋಟೊವೊಂದನ್ನು ಎದುರಿಗಿಟ್ಟು ಮಾಬುವಿನಂತೆ ಬರೆಯಲು ನೋಡಿದೆ. ಎಂಟು ದಿನ ಒದ್ದಾಡಿದೆ. ಕಲೆ ಬರೆದರೆ ಚಿತ್ರವೇ ಹೊಲಸಾಗುತ್ತಿತ್ತು, ಬಿಟ್ಟರೆ ಪಾಸ್‌ಪೋರ್ಟ್ ಫೋಟೊ ಆಗುತ್ತಿತ್ತು. ಮಂಚದ ಕೆಳಗೆ ತುರುಕಿದ್ದನ್ನು ಕಸ ಹೊಡೆಯುವಾಗ ನನ್ನ ಹೆಂಡತಿ ಗಿರಿಜ ಎಳೆದು ತೆಗೆದಳು.

“ಇದೇನ್ರಿ ಇದು? ಯಾರದರ ಎಮ್ಮಿ ಏನು?”

“ನಾನು,” ಎಂದೆ.

ಅವಳು ನಗಲಿಲ್ಲ. ಮತ್ತೆ ಮಂಚದ ಕೆಳಗೆ ತಳ್ಳಿದಳು. ಗಿರಿಜ ನನ್ನ ಸೋದರತ್ತೆಯ ಮಗಳು. ಯಾವಾಗ ನಗಬಾರದು ಎಂದು ಅವಳಿಗೆ ಗೊತ್ತು.

ಮಾಘದಲ್ಲಿ ಪ್ರದರ್ಶನ ಶುರುವಾಯಿತು. ಹದಿಮೂರು ಚಿತ್ರಗಳ ಕೆಳಗೆ ಹದಿಮೂರು ಚೀಟಿ, ಎಲ್ಲ ನನ್ನ ಅಕ್ಷರ. ಹದಿನಾಲ್ಕನೆಯ ಜಾಗದಲ್ಲಿ ಬರೀ ಮೊಳೆ. ಅದರ ಕೆಳಗಿನ ಚೀಟಿಯೂ ನಾನೇ ಬರೆದದ್ದು: “ಪರಿಚಯ ಸಿಕ್ಕಿಲ್ಲ.” ಆ ಕ್ಯಾನ್ವಾಸನ್ನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಗೋದಾಮಿನ ತುಂಬ ಟರ್ಪೆಂಟೈನ್ ವಾಸನೆ, ಅದರಡಿಯಲ್ಲಿ ಇನ್ನೂ ಹೋಗದ ಹತ್ತಿಯ ವಾಸನೆ. ಹನುಮಕ್ಕ ಮೊಮ್ಮಕ್ಕಳನ್ನು ಕರೆದುಕೊಂಡು ಬಂದು ತನ್ನ ಚಿತ್ರದ ಕೆಳಗೇ ಬುತ್ತಿ ಬಿಚ್ಚಿದಳು. ಹಡಗಲಿ, ಹಗರಿಬೊಮ್ಮನಹಳ್ಳಿಯಿಂದ ಜನ ಬಂದರು. ಕೋಟು ತೊಟ್ಟ ಗಂಡಸರ ಎದುರು ನಿಂತು ಮೊಬೈಲಿನಲ್ಲಿ ಫೋಟೊ ತೆಗೆಸಿಕೊಂಡರು. ಒಬ್ಬೊಬ್ಬರು ಒಂದು ಚಿತ್ರದ ಎದುರು ಎಷ್ಟು ನಿಮಿಷ ನಿಲ್ಲುತ್ತಾರೆ ಎಂದು ನಾನು ದಿನವೂ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿದೆ. ನನ್ನ ಅರವತ್ತು ಗುಡ್ಡಗಳಿಗೆ ಸಿಕ್ಕದ್ದು ಏಳು ನಿಮಿಷ ಎಂಬುದು ನನಗೆ ಮರೆತಿರಲಿಲ್ಲ.

ವಿನುತಾ ಒಮ್ಮೆ ಮೊಳೆಯ ಎದುರು ನಿಂತು ನಿಟ್ಟುಸಿರಿಟ್ಟಳು. “ಇದೇ ಬೆಸ್ಟ್ ಚಿತ್ರ ಸರ್. ಇದಕ್ಕೊಂದು ಸಹಿ ಸಿಗಲಿಲ್ಲ ನೋಡಿ.” ನಾನು “ಹೌದಮ್ಮ” ಎಂದೆ. ಒಳಗೊಳಗೆ ಹಿತವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಆಗ ಹಿತವಾಗಿತ್ತು.

ಕೊನೆಯ ದಿನ ಮಧ್ಯಾಹ್ನ ಗಿರಿಜ ಕೊಟ್ಟೂರಿನಿಂದ ಬಂದಳು. ಒಂದು ಸುತ್ತು ಎಲ್ಲ ನೋಡಿದಳು. ಯಾವ ಮನೆಯಲ್ಲಾದರೂ ಸರಿ, ಗೋಡೆಗೆ ಮುಖ ಮಾಡಿಟ್ಟ ವಸ್ತುವನ್ನು ಅವಳು ಹಾಗೇ ಬಿಡುವವಳಲ್ಲ. ಮೂಲೆಗೆ ಹೋಗಿ, ಸೆರಗಿನಿಂದ ಅಂಚು ಒರೆಸಿ, ಕ್ಯಾನ್ವಾಸನ್ನು ತಿರುಗಿಸಿಬಿಟ್ಟಳು.

“ಅಯ್ಯ! ಸೋದರಮಾವ!”

ನಾನು ಕುರ್ಚಿಯಿಂದ ಏಳಲಿಲ್ಲ. ವಾಲಿದ ಚಿತ್ರವೊಂದನ್ನು ನೆಟ್ಟಗೆ ಮಾಡುತ್ತ ಮಾಬು ಏಣಿಯ ಮೇಲಿದ್ದ, ಕೈ ನಿಲ್ಲಿಸಿದ.

“ರೀ, ಬರ್ರಿ ಇಲ್ಲಿ. ಎಡಗಣ್ಣು ನೋಡ್ರಿ. ನಮಗ ಲಂಗದ ಬಟ್ಟಿ ಅಳದು ಕೊಡುವಾಗ ಹಿಂಗs ನೋಡ್ತಿದ್ದ. ಒಂದು ರೆಪ್ಪಿ ಇಳಿಸಿ, ನೂಲು ಎಣಿಸಿದಂಗ.”

ಹೋದೆ. ಅಷ್ಟು ತಿಂಗಳಲ್ಲಿ ಮೊದಲ ಸಲ ಅದರ ಎದುರು ನಿಂತೆ. ಗೆದ್ದಲು ತಿಂದ ಮೂಲೆ, ನಾನು ಗಲ್ಲೆಯ ಮೇಲೆ ಒಗೆದಾಗ ಬಿದ್ದ ಅಡ್ಡ ಮಡಿಕೆ, ಅದನ್ನೂ ಬರೆದಿದ್ದ. ಅದರ ನಡುವೆ ತಂದೆ ಬಟ್ಟೆಯ ದರ್ಜೆ ನೋಡುವಂತೆ ನನ್ನನ್ನು ನೋಡುತ್ತಿದ್ದರು. ಎಂಟನೆಯ ಇಯತ್ತೆಗೇ ನಾನು ಹಾಸ್ಟೆಲ್ಲಿಗೆ ಹೋದವನು. ರಜೆಗೆ ಬಂದರೂ ಅಂಗಡಿಯಲ್ಲಿ ಕೂತವನಲ್ಲ. ಮಾಬು ಅವರೆದುರಿನ ಕಟ್ಟೆಯ ಮೇಲೆ ಹತ್ತು ವರ್ಷ ಗುಂಡಿ ಹಚ್ಚಿದವನು. ಕಣ್ಣೆದುರು ಇದ್ದದ್ದನ್ನು ಬರೆದವನು ಅವನು. ನಾನಲ್ಲ.

“ನಮ್ಮ ಮನ್ಯಾಗಿನ ಪಟ?” ಎಂದು ಗಿರಿಜಳನ್ನು ಮೆಲ್ಲಗೆ ಕೇಳಿದೆ.

“ಮುಖ ಮಾವಂದು.” ಅವಳು ಅಷ್ಟಕ್ಕೇ ನಿಲ್ಲಿಸಿದಳು.

“ನಿನಗ ಮೊದಲs ಗೊತ್ತಿತ್ತು?”

“ಮದುವ್ಯಾಗಿ ಬಂದ ದಿನಾನs. ನೀವು ಕೈ ಹಿಡಕೊಂಡು ಹೋಗಿ ತೋರ್ಸಿದ್ರಿ, ಅಷ್ಟು ಖುಷಿ ನಿಮಗ. ಏನಂತ ಹೇಳ್ಲಿ?”

ನಾನು ಕೈಚೀಲದಿಂದ ಫಾರಂ ತೆಗೆದೆ. ಒಂದು ಖಾಲಿ ಉಳಿದಿತ್ತು. ಹದಿನಾಲ್ಕು ತಂದವನು ಹದಿಮೂರು ಬಳಸಿದ್ದೆ. ಹೆಸರು ಬರೆದೆ. ಊರು ಕೊಟ್ಟೂರು ಎಂದು ಬರೆದೆ. ಸಂಬಂಧದ ಕಾಲಮ್ಮಿನಲ್ಲಿ “ತಂದೆ” ಎಂದು ಬರೆಯುವಾಗ ಮೊದಲ ಸಲ ನನ್ನ ಅಕ್ಷರ ಗೆರೆ ಬಿಟ್ಟು ಕೆಳಗೆ ಇಳಿಯಿತು. ರುಜು ಹಾಕಿ ವಿನುತಾಳ ಕೈಗೆ ಕೊಟ್ಟೆ. ಅವಳು ಫಾರಂ ನೋಡಿದಳು, ನನ್ನನ್ನು ನೋಡಿದಳು.

ಮಾಬು ಏಣಿಯಿಂದ ಇಳಿದು ಬಂದ.

“ಟೈಮೆಷ್ಟಾತ್ರಿ ಮೇಷ್ಟ್ರೆ?”

“ನಾಲ್ಕೂ ಹತ್ತು.”

“ಐದಕ್ಕ ಮುಚ್ತಾರ. ಇನ್ನ ಐವತ್ತು ನಿಮಿಷ ಐತಿ. ಹಿಡೀರಿ ಆ ಕಡೆ.”

ಇಬ್ಬರೂ ಎತ್ತಿ ಮೊಳೆಗೆ ಹಾಕಿದೆವು. ಹಳೆಯ ಚೀಟಿ ಕಿತ್ತು ಹೊಸದು ಬರೆದೆ. ಆ ಐವತ್ತು ನಿಮಿಷದಲ್ಲಿ ಬಂದವರು ಹನ್ನೊಂದು ಜನ. ಒಬ್ಬರೂ ಬೇರೆ ಚಿತ್ರದ ಕಡೆ ಹೋಗಲಿಲ್ಲ. ಈ ಸಲ ನಾನು ನಿಮಿಷ ಎಣಿಸಲಿಲ್ಲ, ಆದರೆ ಹೊಟ್ಟೆ ಹಾಗೆಯೇ ಉರಿಯುತ್ತಿತ್ತು. ಮೊದಲು ಉರಿದದ್ದು ಅವನ ಚಿತ್ರಗಳಿಗೆ. ಅಂದಿನಿಂದ, ಅವನು ಆ ಕಟ್ಟೆಯ ಮೇಲೆ ಕಳೆದ ಹತ್ತು ವರ್ಷಕ್ಕೆ.

ಬಾಗಿಲು ಹಾಕುವಾಗ ಮಾಬು ಜೇಬಿನ ಕವರು ತೆಗೆದು ನನ್ನ ಕೈಗಿಟ್ಟ. “ಇನ್ನ ಒಯ್ರಿ ಮೇಷ್ಟ್ರೆ. ಬಾಳ ವರ್ಷ ಕಾದೈತಿ.”

ಆ ಫೋಟೊ ಈಗ ನನ್ನ ಮೇಜಿನ ಖಾನೆಯಲ್ಲಿದೆ. ಬೆಳಿಗ್ಗೆ ಆರು ಗಂಟೆಗೆ ಗುಡ್ಡ ಬರೆಯುವ ಮೊದಲು ತೆಗೆದು ನೋಡುತ್ತೇನೆ. ಗೋಡೆಗೆ ಹಾಕಿಲ್ಲ, ಅಲ್ಲಿ ನಾನು ಬರೆದ ಪಟವೇ ಇದೆ. ಮಾಬು ಬಂದಾಗಲೆಲ್ಲ ಅದರ ಕೆಳಗೇ ಕೂತು ಚಹಾ ಕುಡಿಯುತ್ತಾನೆ, ತಲೆಯೆತ್ತಿ ನೋಡುವುದಿಲ್ಲ.

ಮೊನ್ನೆ ಸಂಜೆ ಗೋಡೆ ಒಣಗಿದ ಮೇಲೆ ಪೇಂಟರ್ ಪಟವನ್ನು ಮತ್ತೆ ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಬೆಳಗಿನ ಮಾತನ್ನೇ ಮತ್ತೆ ಆಡಿದ. ಅಪ್ಪಾರ ಕಣ್ಣು ನಿಮಗ ಬಂದಾವ ನೋಡ್ರಿ ಸರ.

“ಇಲ್ಲಪ್ಪ,” ಎಂದೆ, “ನನ್ನವು ಅವರಿಗೆ ಹೋಗ್ಯಾವ.”